ಇನ್ನೆರಡು ತಿಂಗಳು ತಡೆಯಿರಿ

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೋಗಿ, ಬಾಡಿಗೆಗೆ ತಂದ ಇಪ್ಪತ್ತು ಕುರ್ಚಿಗಳು ವಾಪಸಾಗಿ, ಮನೆ ಮತ್ತೆ ಮನೆಯ ಹಾಗೆ ಕಂಡ ಮೊದಲ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಇನ್ನು ಒಂದು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಎರಡನ್ನೂ ಕಾಯಿಸಿದರು. ನಾನು ಮುಖ ತೊಳೆದು, ತಲೆ ಬಾಚಿ, ಕಂಪ್ಯೂಟರ್ ಮುಂದೆ ಕೂತೆ.

“ಇವತ್ತೇ ಕೂತ್ಯಾ?” ಎಂದರು ಅತ್ತೆ.

“ಹನ್ನೆರಡು ಕೋಣೆ ಬಾಕಿ ಇದೆ ಅತ್ತೆ.”

“ಕೂತ್ಕೋ. ಗೋಡೆ ನೋಡ್ಕೊಂಡು ಕೂರೋದಕ್ಕಿಂತ ಅದೇ ವಾಸಿ. ಗೋಡೆ ನಾನು ನೋಡ್ತೀನಿ.”

ನನ್ನ ಕೆಲಸ ಇಷ್ಟೇ. ಇನ್ನೂ ಕಟ್ಟದ ಕಟ್ಟಡದ ಕೋಣೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು. ಆಗ ಕೈಯಲ್ಲಿದ್ದದ್ದು ಒಂದು ಕಣ್ಣಾಸ್ಪತ್ರೆ. ಗೋಡೆ, ಕಿಟಕಿ, ಮಂಚ ಎಲ್ಲವನ್ನೂ ನಾನು ಜೋಡಿಸಿ ಗುಂಡಿ ಒತ್ತಿದರೆ, ಬಿಸಿಲು ಎಲ್ಲಿ ಬೀಳಬೇಕು, ಮಂಚದ ನೆರಳು ಎಷ್ಟು ಉದ್ದ ಇರಬೇಕು ಎನ್ನುವುದನ್ನೆಲ್ಲ ಕಂಪ್ಯೂಟರ್ ಒಳಗಿರುವ ಗ್ರಾಫಿಕ್ಸ್ ಕಾರ್ಡ್ ನೋಡಿಕೊಳ್ಳುತ್ತದೆ. ನಮ್ಮದು ಹಳೆಯ ಕಾರ್ಡು. ಒಂದು ಕೋಣೆಗೆ ಆರು ಗಂಟೆ ಬೇಕಿತ್ತು. ಒಳ್ಳೆಯ ಕಾರ್ಡಿದ್ದರೆ ಮುಕ್ಕಾಲು ಗಂಟೆ ಸಾಕು.

ಆದ್ದರಿಂದ ಮದುವೆಯಾದ ಮೂರನೇ ತಿಂಗಳಲ್ಲೇ ನನ್ನ ಗಂಡ ಹೊಸ ಕಾರ್ಡು ತರುವುದೆಂದು ತೀರ್ಮಾನಿಸಿದ್ದರು. ಈಗಲೇ ತರುವುದೋ ಸ್ವಲ್ಪ ಕಾದು ತರುವುದೋ ಎನ್ನುವುದೊಂದು ಮಾತ್ರ ಇತ್ಯರ್ಥವಾಗಬೇಕಿತ್ತು. ಅದು ನಾಲ್ಕು ವರ್ಷದ ಹಿಂದಿನ ಮಾತು.

ಮೊದಲು ಅವರು, “ಈಗ ಬೇಡ, ಇನ್ನೆರಡು ತಿಂಗಳಲ್ಲಿ ಹೊಸ ಮಾಡೆಲ್ ಬರುತ್ತೆ, ಆಗ ಹಳೇದರ ಬೆಲೆ ಬಿದ್ದುಹೋಗುತ್ತೆ” ಎಂದರು. ಹೊಸ ಮಾಡೆಲ್ ಬಂತು. ಹಳೆಯದರ ಬೆಲೆ ಬಿತ್ತು. “ಹೊಸದೇ ಬಂದಿರುವಾಗ ಹಳೇದನ್ನ ಯಾರಾದ್ರೂ ತೊಗೋತಾರಾ?” ಎಂದರು. ಹಾಗಾದರೆ ಹೊಸದನ್ನು ತರೋಣವೆಂದೆ. “ಅದು ಬಿಸಿಯಾಗುತ್ತಂತೆ. ಸರಿ ಮಾಡಿದ್ದು ಬರಲಿ, ಎರಡು ತಿಂಗಳು” ಎಂದರು. ಸರಿ ಮಾಡಿದ್ದು ಬಂತು. ಅಷ್ಟು ಹೊತ್ತಿಗೆ ಅದರ ಮುಂದಿನ ಮಾಡೆಲಿಗೆ ಹೆಸರಿಟ್ಟಾಗಿತ್ತು. ಈ ಚಕ್ರದಿಂದ ಹೊರಬರುವ ದಾರಿ ನನಗೆ ಕಾಣಲಿಲ್ಲ. ಅವರಿಗೆ ಹೊರಬರುವ ಅವಸರವೂ ಕಾಣಲಿಲ್ಲ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಬಾಗಿಲ ಮುಂದೆ ನಿಂತು ಕಾಯುವುದು ಅವರಿಗೆ ಉದ್ಯೋಗದ ಭಾಗವೇ ಆಗಿತ್ತು. ಒಂದು ಬೆಳಿಗ್ಗೆ ಎದೆನೋವು ಬಂತು, ಮಧ್ಯಾಹ್ನಕ್ಕೆ ಮುಗಿಯಿತು. ಅವರ ವಿಷಯದಲ್ಲಿ ಕಾಯದೆ ನಡೆದದ್ದು ಅದೊಂದೇ.

ಅದಕ್ಕೆ ಒಂದು ತಿಂಗಳ ಮೊದಲು ಒಂದು ವಿಚಿತ್ರ ನಡೆದಿತ್ತು. ಆಫೀಸಿಗೆ ಹೋಗಿ ಬಂದು ಕಂಪ್ಯೂಟರಿನಲ್ಲಿ ಒಂದು ಕೋಣೆ ಹಾಕಿದೆ. ಮುಕ್ಕಾಲು ಗಂಟೆಯಲ್ಲಿ ಚಿತ್ರ ಬಂದುಬಿಟ್ಟಿತು. ಗಂಡನನ್ನು ಕರೆದು, ಏನು ಮಾಡಿದಿರಿ ಎಂದು ಕೇಳಿದೆ.

“ಧೂಳು ತೆಗೆದೆ” ಎಂದರು.

“ಧೂಳು ತೆಗೆದಿದ್ದಕ್ಕೆ ಇಷ್ಟಾ?”

“ಧೂಳು ಅಂದ್ರೆ ಏನಂದ್ಕೊಂಡಿದ್ದೀಯ ನೀನು?”

ನಾನು ಏನೂ ಅಂದುಕೊಂಡಿರಲಿಲ್ಲ. ಮರುದಿನ ಆಫೀಸಿನಲ್ಲಿ ಈ ವಿಷಯ ಹೇಳಿದೆ. ನಮ್ಮ ಆರ್ಕಿಟೆಕ್ಟರು ಇರುವ ಐದೂ ಕಂಪ್ಯೂಟರುಗಳನ್ನು ಬಿಚ್ಚಿಸಿ ಧೂಳು ತೆಗೆಸಿದರು. ಅವುಗಳಲ್ಲಿ ಒಂದು ಮತ್ತೆ ಶುರುವಾಗಲೇ ಇಲ್ಲ. ಉಳಿದ ನಾಲ್ಕು ಮೊದಲಿನಷ್ಟೇ ನಿಧಾನವಾಗಿದ್ದವು, ಚೊಕ್ಕಟವಾಗಿದ್ದವು. ಇದನ್ನು ಗಂಡನಿಗೆ ಹೇಳಿದಾಗ ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು.

ಇಲ್ಲಿ ನಮ್ಮ ಕಟ್ಟಡದ ಬಗ್ಗೆ ಹೇಳಬೇಕು. ನಾಲ್ಕು ಮಹಡಿ, ಹದಿನಾರು ಮನೆ. ಕೆಲವು ವರ್ಷಗಳ ಹಿಂದೆ ಎದುರುಮನೆಯ ಮೇಷ್ಟ್ರು ಟೀವಿ ತರಲು ಚೀಲ ಹಿಡಿದು ಹೊರಟಿದ್ದರಂತೆ. ಟೀವಿಗೆ ಚೀಲ ಯಾಕೆಂದು ಯಾರೂ ಕೇಳಿರಲಿಲ್ಲ. ಮೆಟ್ಟಿಲಲ್ಲಿ ನನ್ನ ಗಂಡ ಸಿಕ್ಕಿ, “ಮೇಷ್ಟ್ರೇ, ಇನ್ನೆರಡು ತಿಂಗಳು ತಡೀರಿ” ಎಂದರಂತೆ. ಮೇಷ್ಟ್ರು ತಡೆದರು. ಎರಡು ತಿಂಗಳಿಗೆ ಸರಿಯಾಗಿ ಆ ಟೀವಿಯ ಬೆಲೆ ಅರ್ಧಕ್ಕಿಳಿಯಿತು. ಅಷ್ಟೇ ಸಾಕಾಯಿತು. ಅಂದಿನಿಂದ ನನ್ನ ಗಂಡನನ್ನು ಕೇಳದೆ ನಮ್ಮ ಕಟ್ಟಡದಲ್ಲಿ ಯಾರೂ ಒಂದು ಮಿಕ್ಸಿಯನ್ನೂ ತಂದವರಲ್ಲ. ಅವರ ಉತ್ತರ ಎಲ್ಲರಿಗೂ ಒಂದೇ.

ಪರಿಣಾಮವಾಗಿ ಕಟ್ಟಡವೇ ಕಾಯುತ್ತಿತ್ತು. ಮೇಷ್ಟ್ರ ಮನೆಯ ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ, ಹಗ್ಗ ಕಟ್ಟಿದ್ದರು. ಮೇಲಿನ ಮಹಡಿಯ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ರೋಗಿಗಳ ಕುರ್ಚಿ ಮೇಲೆ ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡವರು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೆಳಕ್ಕೆ ಹಾರುತ್ತಿದ್ದರು. ಇನ್ನು ಕಟ್ಟಡದ ಲಿಫ್ಟು, ಯಾವ ಮಹಡಿಯಲ್ಲೂ ಮಹಡಿಗೆ ಸರಿಯಾಗಿ ನಿಲ್ಲದೆ ಒಂದು ಗೇಣು ಕೆಳಗೆ ನಿಲ್ಲುತ್ತಿತ್ತು. ಅದನ್ನು ಬದಲಾಯಿಸುವ ವಿಷಯ ಮೂರು ವರ್ಷದಿಂದ ನಿವಾಸಿಗಳ ಸಂಘದ ಮುಂದಿತ್ತು. ಸಂಘದ ಕಾರ್ಯದರ್ಶಿ ಮೇಷ್ಟ್ರೇ. ಲಿಫ್ಟಿನ ವಿಷಯದಲ್ಲಿ ನನ್ನ ಗಂಡ ತಜ್ಞರು ಬೇರೆ. ಅವರೇ ತಡೆಯಿರಿ ಎಂದ ಮೇಲೆ ಮಾತೆಲ್ಲಿ?

ಆ ಮೊದಲ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅತ್ತೆ ಗೋಡೆ ನೋಡಿ ಮುಗಿಸಿ, ಮಗನ ಶರ್ಟುಗಳನ್ನು ಮಡಿಸಿಡಲು ಬೀರು ತೆರೆದರು. ಸ್ವಲ್ಪ ಹೊತ್ತಿಗೆ ಒಂದು ರಟ್ಟಿನ ಡಬ್ಬಿ ಹಿಡಿದು ನನ್ನ ಹತ್ತಿರ ಬಂದರು. ಕಪ್ಪು ಬಣ್ಣದ ಡಬ್ಬಿ. ಮೇಲೆ ಉಕ್ಕಿನ ಅಂಗಿ ತೊಟ್ಟು, ಕಣ್ಣಲ್ಲಿ ಬೆಂಕಿ ಉಗುಳುತ್ತಿರುವ ಒಬ್ಬ ಯೋಧನ ಚಿತ್ರ.

“ಇದು ಅದೇ ಅಲ್ವೇನೇ? ಅವನು ನಾಲ್ಕು ವರ್ಷದಿಂದ ಫೋನಲ್ಲಿ ತೋರಿಸ್ತಾ ಇದ್ನಲ್ಲ, ಆ ಕಾರ್ಡು?”

ನೋಡಿದೆ. ಅದೇ. ಡಬ್ಬಿ ಖಾಲಿಯಾಗಿತ್ತು. ಕಾಲ ಬಳಿ ಕಂಪ್ಯೂಟರಿನ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಪರದೆಯ ಮೇಲೆ ಕಣ್ಣಾಸ್ಪತ್ರೆಯ ಮೊದಲನೇ ಕೋಣೆ ಮುಕ್ಕಾಲು ಗಂಟೆಯಲ್ಲಿ ಮುಗಿದು ನಿಂತಿತ್ತು.

“ಧೂಳಲ್ಲ” ಎಂದೆ.

“ಏನು?”

“ತೊಗೊಂಡುಬಿಟ್ಟಿದಾರೆ ಅತ್ತೆ. ಹೇಳದೇ ತೊಗೊಂಡಿದಾರೆ.”

ಅತ್ತೆ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿದರು. “ನಾಲ್ಕು ವರ್ಷ ಆಸೆಪಟ್ಟ. ತೊಗೊಂಡೇ ಹೋದ ನನ್ನ ಮಗ” ಎಂದರು. ಡಬ್ಬಿಯನ್ನು ತೆಗೆದುಕೊಂಡು ಹೋಗಿ ನಡುಮನೆಯಲ್ಲಿ ಮಗನ ಫೋಟೋದ ಪಕ್ಕ ನಿಲ್ಲಿಸಿದರು. ಆ ಮಧ್ಯಾಹ್ನ, ಒಂಬತ್ತು ದಿನದಲ್ಲಿ ಮೊದಲ ಸಲ, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಊಟ ಮಾಡಿ ಒಂದು ಗಂಟೆ ನಿದ್ದೆ ಹೋದರು. ಅಷ್ಟು ದಿನ ಅವರ ತಟ್ಟೆಯ ಮುಂದೆ ಕೂತು ಬೇಡಿಕೊಂಡವಳು ನಾನು. ಹಾಗಾಗಿ ಆ ಯೋಧನಿಗೆ ಕೃತಜ್ಞಳಾಗಿದ್ದೆ.

ಸಂಜೆ ಮೇಷ್ಟ್ರು ಬಂದರು. ಫೋಟೋ ನೋಡಿ ಕೈಮುಗಿದರು. ಪಕ್ಕದ ಡಬ್ಬಿಗೂ ಕೈಮುಗಿದು, ಆಮೇಲೆ ಕನ್ನಡಕ ಹಾಕಿಕೊಂಡು, “ಇದು ಯಾರು?” ಎಂದರು.

ಅತ್ತೆ ಹೇಳಿದರು. ಮೇಷ್ಟ್ರು ಕುಸಿದು ಕೂತರು.

“ತೊಗೊಂಡ್ರಾ? ಯಾವಾಗ?”

“ಒಂದು ತಿಂಗಳಾಯ್ತು ಅನ್ಸುತ್ತೆ” ಎಂದೆ.

“ಒಂದು ತಿಂಗಳು! ಹೋದ ಭಾನುವಾರಕ್ಕೆ ಹಿಂದಿನ ಭಾನುವಾರ ನಾನು ಫ್ರಿಜ್ ವಿಷಯ ಕೇಳಿದೀನಿ ಕಣಮ್ಮಾ. ತಡೀರಿ ಅಂದ್ರು. ನನ್ನನ್ನ ತಡೀರಿ ಅಂದು, ತಾವು ತೊಗೊಂಡು ಕೂತಿದ್ರಾ?”

“ಹೋದೋರ ಮೇಲೆ ಮುನಿಸ್ಕೋಬೇಡಿ ಮೇಷ್ಟ್ರೇ” ಎಂದರು ಅತ್ತೆ.

ಮೇಷ್ಟ್ರು ಹತ್ತು ನಿಮಿಷ ಮುನಿಸಿಕೊಂಡರು. ಟೀ ಕುಡಿದರು. ಟೀಯ ಕೊನೆಯ ಗುಟುಕಿನಲ್ಲಿ ಅವರಿಗೆ ಸತ್ಯ ಹೊಳೆಯಿತು. ಲೋಟ ಕೆಳಗಿಟ್ಟರು.

“ತಪ್ಪು ತಿಳಿದೆ. ಹೇಳಬೇಕು ಅಂತಲೇ ಇದ್ರು ಪಾಪ. ಹೊತ್ತು ಸಿಗ್ಲಿಲ್ಲ. ನಾಲ್ಕು ವರ್ಷ ತಡೆದೋರು ತೊಗೊಂಡಿದಾರೆ ಅಂದ್ರೆ ಅರ್ಥ ಏನು? ಸಮಯ ಬಂದಿದೆ ಅಂತ. ಇನ್ನು ಬೆಲೆ ಇಳಿಯೋದಿಲ್ಲ ಅಂತ!”

“ಅದು ಕಾರ್ಡಿನ ಬೆಲೆ ಮೇಷ್ಟ್ರೇ” ಎಂದೆ.

“ಬೆಲೆ ಅಂದ್ರೆ ಎಲ್ಲಾ ಒಂದೇ ಅಮ್ಮ. ನಾನು ಮೂವತ್ತು ವರ್ಷ ಗಣಿತ ಹೇಳಿದೋನು.”

ಮರುದಿನ ಹನ್ನೊಂದಕ್ಕೆ ಅವರ ಮನೆಗೆ ಹೊಸ ಫ್ರಿಜ್ ಬಂತು. ಲಿಫ್ಟಿನಲ್ಲಿ ತಂದರು, ಒಂದು ಗೇಣು ಎತ್ತಿ ಹೊರಗಿಡಲು ನಾಲ್ಕು ಜನ ಬೇಕಾಯಿತು. ಅದನ್ನು ಕಂಡ ಡಾಕ್ಟರಮ್ಮ ನೇರ ನಮ್ಮ ಮನೆಗೆ ಬಂದು, ಕನ್ನಡಿಯಲ್ಲಿ ಹಲ್ಲು ಪರೀಕ್ಷಿಸುವಂತೆ ಡಬ್ಬಿಯನ್ನು ಎಲ್ಲ ಬದಿಯಿಂದ ನೋಡಿದರು. “ನಿಜಾನಾ?” ಎಂದರು. ಅತ್ತೆ, “ನಿಜ ಡಾಕ್ಟ್ರೇ, ಆಸೆಪಟ್ಟಿದ್ದನ್ನ ತೊಗೊಂಡೇ ಹೋದ” ಎಂದರು. ಡಾಕ್ಟರಮ್ಮ ಅಲ್ಲಿಂದಲೇ ಫೋನ್ ಮಾಡಿ ಇಳಿಯುವ ಕುರ್ಚಿಗೆ ಹೇಳಿದರು. ಆ ವಾರದಲ್ಲಿ ಕಟ್ಟಡಕ್ಕೆ ಮೂರು ವಾಷಿಂಗ್ ಮಷೀನು, ಎರಡು ಹಾಸಿಗೆ, ಒಂದು ಪಿಯಾನೋ ಬಂದವು. ಪಿಯಾನೋ ತರಿಸಿದವರು ಯಾರೆಂದು ಇನ್ನೂ ಗೊತ್ತಾಗಿಲ್ಲ; ಬಾರಿಸಿದ ಸದ್ದೂ ಇಲ್ಲ.

ಭಾನುವಾರ ಸಂಘದ ಸಭೆ ಸೇರಿತು. ಮೇಷ್ಟ್ರು ಒಂದು ನಿಮಿಷ ಮೌನ ಆಚರಿಸಿ, ಎರಡನೇ ನಿಮಿಷಕ್ಕೆ ಲಿಫ್ಟಿನ ವಿಷಯ ಎತ್ತಿದರು. “ನಮ್ಮನ್ನಗಲಿದ ತಜ್ಞರು ತಮ್ಮ ನಡೆಯಿಂದಲೇ ಸೂಚನೆ ಕೊಟ್ಟು ಹೋಗಿದ್ದಾರೆ” ಎಂದು ನಡವಳಿ ಪುಸ್ತಕದಲ್ಲಿ ಬರೆಸಿದರು. ಹೊಸ ಲಿಫ್ಟ್ ಹಾಕಿಸಲು ಎಲ್ಲರೂ ಕೈ ಎತ್ತಿದರು. ಅತ್ತೆ ಎರಡು ಕೈ ಎತ್ತಿದರು, ಒಂದು ಮಗನದಂತೆ.

ಇಷ್ಟೆಲ್ಲ ಆಗುವಾಗ ನಮ್ಮ ಮನೆಗೆ ಒಬ್ಬರು ಬಂದುಹೋಗುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ಫೋಟೋ ಸ್ಟುಡಿಯೋ ಇಟ್ಟವರು. ನನ್ನ ಗಂಡನಿಗೆ ಸ್ನೇಹಿತರು, ವಯಸ್ಸಿನಲ್ಲಿ ಚಿಕ್ಕವರು. ಅವರನ್ನು ಅಣ್ಣ ಎಂದೂ ನನ್ನನ್ನು ಅತ್ತಿಗೆ ಎಂದೂ ಕರೆಯುತ್ತಿದ್ದರು. ಸಾವಿನ ದಿನವೇ ಬಂದಿದ್ದರು. ಎಲ್ಲರೂ ಮೃತರ ಸುತ್ತ ನಿಂತಿದ್ದಾಗ ಅವರೊಬ್ಬರು ಕಂಪ್ಯೂಟರಿನ ಮೇಜಿನ ಬಳಿ ಬಗ್ಗಿ ಕೂತಿದ್ದರು. ದುಃಖ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಿಸುತ್ತದೆ ಎಂದುಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಆರು ಕಿತ್ತಳೆ ಹಿಡಿದು ಬಂದರು. ಕೂತರು. ಮೇಜಿನ ಕೆಳಗೆ ನೋಡಿದರು. “ಅಣ್ಣ ಇದ್ದಿದ್ರೆ…” ಎಂದರು. ನಿಲ್ಲಿಸಿದರು. ಮತ್ತೆ ಮೇಜಿನ ಕೆಳಗೆ ನೋಡಿ, ನಿಟ್ಟುಸಿರುಬಿಟ್ಟು ಹೋದರು.

“ಎಂಥಾ ಸ್ನೇಹ! ನನ್ನ ಮಗ ಕಾಲಿಟ್ಟುಕೊಂಡು ಕೂರ್ತಿದ್ದ ಜಾಗ ನೋಡಿ ಹ್ಯಾಗೆ ನೊಂದ್ಕೋತಾನೆ” ಎಂದರು ಅತ್ತೆ.

ಎರಡನೇ ಸಲ ಬಂದಾಗ ಹನ್ನೆರಡು ಕಿತ್ತಳೆ ಇದ್ದವು. ಈ ಸಲ ಏನೋ ನಿರ್ಧಾರ ಮಾಡಿಕೊಂಡು ಬಂದ ಹಾಗಿತ್ತು. ಗಂಟಲು ಸರಿಮಾಡಿಕೊಂಡು, “ಅತ್ತಿಗೆ, ಒಂದು ವಿಷಯ. ಹೇಳಬಾರದು, ಆದರೂ ಹೇಳ್ಬೇಕು…” ಎಂದರು. ಅಷ್ಟರಲ್ಲಿ ಅತ್ತೆ ನಡುಮನೆಯಿಂದ ಡಬ್ಬಿ ತಂದು ಅವರ ಕೈಗಿಟ್ಟರು.

“ನೋಡಪ್ಪ. ನಿನಗೆ ಗೊತ್ತಿತ್ತೇನೋ? ನಿನ್ನಣ್ಣ ಕೊನೆಗೂ ತೊಗೊಂಡಿದ್ದ.”

ಸ್ಟುಡಿಯೋದವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲಿನ ಯೋಧನನ್ನು ನೋಡಿದರು. ಯೋಧ ಅವರನ್ನು ನೋಡಿದ.

“ಒಂದು ಆಸೆ ಅಂತ ಇದ್ದದ್ದು ಅವನಿಗೆ ಇದೊಂದೇ” ಎಂದರು ಅತ್ತೆ. “ಬಟ್ಟೆ ಕೇಳ್ಲಿಲ್ಲ, ಊಟದಲ್ಲಿ ಇದು ಬೇಕು ಅನ್ಲಿಲ್ಲ. ಇದು ಸಿಗದೇ ಹೋಗಿಬಿಟ್ಟಿದ್ರೆ ನನ್ನ ಗಂಟಲಲ್ಲಿ ಅನ್ನ ಇಳೀತಿತ್ತಾ ಹೇಳು? ಈಗ ನೋಡು, ಊಟ ಮಾಡ್ತಿದೀನಿ. ಹ್ಯಾಗಿದೆ ಕಾರ್ಡು? ಒಳ್ಳೇದೇನೋ?”

“ಒಳ್ಳೇ ಕಾರ್ಡಮ್ಮಾ” ಎಂದರು ಸ್ಟುಡಿಯೋದವರು. ಅವರ ಕಣ್ಣಲ್ಲಿ ನೀರಿತ್ತು. “ತುಂಬಾ ಒಳ್ಳೇ ಕಾರ್ಡು.”

“ನೀನು ಏನೋ ಹೇಳೋಕೆ ಬಂದಿದ್ದೆ.”

“ಕಿತ್ತಳೆ ಸಿಹಿಯಾಗಿದೆ ಅಂತ.”

ಮೂರನೇ ಸಲ ಅವರು ಏನೂ ತರಲಿಲ್ಲ. ಒಂದು ಗಂಟೆ ಕೂತರು. ಫೋನ್ ಎರಡು ಸಲ ಬಂತು. ಎರಡನೇ ಸಲ ಆ ಕಡೆಯವರ ಕೂಗು ನಮಗೂ ಕೇಳಿಸಿತು. “ನಾಳೆ ಸಾರ್. ಖಂಡಿತ ನಾಳೆ. ಮಷೀನು ನಿಂತಿದೆ ಸಾರ್, ಅದರ ಒಂದು ಪಾರ್ಟು ಊರಲ್ಲೇ ಇದೆ, ಆದರೆ ತರೋಕಾಗ್ತಿಲ್ಲ” ಎನ್ನುತ್ತ ಅವರು ಮೆಟ್ಟಿಲಿಳಿದು ಹೋದರು.

ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ನಾನು ಸ್ಕ್ರೂಡ್ರೈವರ್ ಹುಡುಕಿ ಗಂಡನ ಟೂಲ್ ಬಾಕ್ಸ್ ತೆರೆದೆ. ತಳದಲ್ಲಿ ಹಳೆಯ ಬನಿಯನ್ನಿನಲ್ಲಿ ಏನನ್ನೋ ಸುತ್ತಿಟ್ಟಿತ್ತು. ಬಿಚ್ಚಿದರೆ ನಮ್ಮ ಹಳೆಯ ಕಾರ್ಡು. ಅದರ ಜೊತೆ ನಾನು ಕಳೆದುಹೋಯಿತೆಂದುಕೊಂಡಿದ್ದ ನನ್ನ ಹಲ್ಲುಜ್ಜುವ ಬ್ರಷ್, ಎಳೆಗಳೆಲ್ಲ ಕಪ್ಪಾಗಿ. ಕಂಪ್ಯೂಟರನ್ನು ಆರಿಸಿ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಒಳಗೆ ಕೂತಿದ್ದ ಕಾರ್ಡಿನ ಅಂಚಿಗೆ ಒಂದು ಬಿಳಿ ಚೀಟಿ ಅಂಟಿಸಿತ್ತು. ಮೇಲೆ ಸ್ಟುಡಿಯೋದ ಹೆಸರು, ಅದರ ಕೆಳಗೆ ‘ಎರಡನೇ ಮಷೀನು’ ಎಂದು ಮಾರ್ಕರಿನಲ್ಲಿ ಬರೆದಿತ್ತು.

ಫೋನ್ ಮಾಡಿದೆ.

“ಕಾರ್ಡು ನಿಮ್ಮದು.”

“ಅಯ್ಯಯ್ಯೋ, ಇಲ್ಲ ಅತ್ತಿಗೆ. ಅದು ಅಣ್ಣಂದೇ.”

“ನಿಮ್ಮ ಸ್ಟುಡಿಯೋ ಹೆಸರಿದೆ.”

“ಹೆಸರು ಯಾರು ಬೇಕಾದ್ರೂ ಬರೀಬಹುದು.”

“ಎರಡನೇ ಮಷೀನು ಅಂತ ಬರೆದಿದೆ. ನಮ್ಮ ಮನೇಲಿರೋದು ಒಂದೇ ಮಷೀನು.”

“ಅಮ್ಮ ಊಟ ಮಾಡ್ತಿದಾರಲ್ಲ ಅತ್ತಿಗೆ. ಹ್ಯಾಗೆ ಕೇಳಲಿ?” ಎಂದರು. “ಅಣ್ಣ ಬಂದು, ನನ್ನ ಹೆಂಡತಿಗೆ ಆಸ್ಪತ್ರೆ ಕೆಲಸ ಬರೋದಿದೆ, ಹನ್ನೆರಡು ಕೋಣೆ, ಅದು ಮುಗಿಯೋವರೆಗೆ ಕೊಡು, ಇನ್ನೆರಡು ತಿಂಗಳಲ್ಲಿ ನಾನೇ ಹೊಸದು ತೊಗೋತೀನಿ ಅಂದ್ರು. ನನಗೂ ಆಗ ಕೆಲಸ ಕಡಿಮೆ ಇತ್ತು.”

“ಈಗ?”

“ಈಗ ನಾಲ್ಕು ಮದುವೆ ನಿಂತಿದೆ ಅತ್ತಿಗೆ. ಅಂದ್ರೆ ಮದುವೆ ಆಗಿಹೋಗಿದೆ, ವಿಡಿಯೋ ನಿಂತಿದೆ. ಒಂದು ಜೋಡಿ ಜಗಳ ಆಡ್ತಿದೆಯಂತೆ. ವಿಡಿಯೋ ಬರೋ ಹೊತ್ತಿಗೆ ಅವರು ಜೊತೇಲಿರ್ತಾರೋ ಇಲ್ವೋ ಅಂತ ನನಗೆ ಯೋಚನೆ.”

ಶುಕ್ರವಾರ ಬೆಳಿಗ್ಗೆ ತಂದುಕೊಡುತ್ತೇನೆ ಎಂದೆ.

ಪರಿಸ್ಥಿತಿ ಹೀಗಿತ್ತು. ಕಾರ್ಡು ಹಿಂದಿರುಗಿಸಲೇಬೇಕು. ಹಿಂದಿರುಗಿಸಿದರೆ ಆರು ಗಂಟೆಗೊಂದು ಕೋಣೆ, ಕಣ್ಣಾಸ್ಪತ್ರೆಯ ಕೆಲಸ ಹೇಳಿದ ದಿನಕ್ಕೆ ಮುಗಿಯದೆ ಕೈತಪ್ಪುತ್ತದೆ. ಇನ್ನು ಮೇಲೆ ಈ ಮನೆಗೆ ಬರುವ ಸಂಬಳ ನನ್ನದೊಂದೇ. ಜೊತೆಗೆ ಅತ್ತೆಗೆ ವಿಷಯ ತಿಳಿದರೆ ಅವರು ಮತ್ತೆ ತಟ್ಟೆ ದೂಡುತ್ತಾರೆ. ಮೇಷ್ಟ್ರಿಗೆ ತಿಳಿದರೆ ಏನಾಗುತ್ತದೆಂದು ಊಹಿಸುವ ಧೈರ್ಯ ನನಗಿರಲಿಲ್ಲ. ಹಳೆಯ ಲಿಫ್ಟನ್ನು ಆಗಲೇ ಬಿಚ್ಚಿ ತೆಗೆದಿದ್ದರು.

ಹೊಸ ಕಾರ್ಡು ಈಗಲೇ ತರುವುದೋ, ಕಾಯುವುದೋ ಎಂಬ ಪ್ರಶ್ನೆ ನಾಲ್ಕು ವರ್ಷ ತಿರುಗಿ ತಿರುಗಿ ನನ್ನ ಕಾಲ ಬಳಿ ಬಂದು ನಿಂತಿತ್ತು. ಚೀಲ ತೆಗೆದುಕೊಂಡು ಹೊರಟೆ.

ಕಂಪ್ಯೂಟರ್ ಅಂಗಡಿಯವರು ನನ್ನನ್ನು ಗುರುತು ಹಿಡಿದು ಎದ್ದು ನಿಂತರು. ಕುರ್ಚಿ ಹಾಕಿದರು. ಪ್ರತಿ ಶನಿವಾರ ಸಂಜೆ ನನ್ನ ಗಂಡ ಅಲ್ಲಿಗೆ ಹೋಗಿ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಿದ್ದರಂತೆ.

“ಆ ಕಾರ್ಡು ಕೊಡಿ” ಎಂದೆ. ಉಕ್ಕಿನ ಯೋಧನಿರಲಿಲ್ಲ, ಅವನ ಮುಂದಿನ ಮಾಡೆಲ್. ಡಬ್ಬಿಯ ಮೇಲೆ ಹಾರುವ ಹುಲಿಯಿತ್ತು.

ಅಂಗಡಿಯವರು ಕೈ ಚಾಚಿ, ನಡುವೆ ನಿಲ್ಲಿಸಿದರು. “ಈಗ ಬೇಡ ಮೇಡಂ.”

“ಯಾಕೆ?”

“ಇನ್ನೆರಡು ತಿಂಗಳು ತಡೀರಿ. ಹೊಸದು ಬರುತ್ತೆ, ಇದರ ಬೆಲೆ ಇಳಿಯುತ್ತೆ.”

“ನಿಮಗೆ ಯಾರು ಹೇಳಿದ್ದು?”

“ನಿಮ್ಮ ಯಜಮಾನ್ರೇ ಹೇಳಿದ್ದು. ಅವರು ಹೇಳಿದ ಮೇಲೆ ನಾನೇ ಸ್ಟಾಕ್ ತರಿಸೋದು ನಿಲ್ಸಿದೀನಿ. ಇದೊಂದೇ ಉಳಿದಿರೋದು.”

“ಕೊಡಿ.”

“ಅವರ ಮಾತು ಮೀರಿ ನಾನು ಹ್ಯಾಗೆ ಕೊಡಲಿ ಮೇಡಂ? ನಾಳೆ ಬೆಲೆ ಇಳಿದ್ರೆ ನಿಮ್ಮ ಮುಖ ನಾನು ನೋಡೋದು ಹ್ಯಾಗೆ?”

“ನೋಡಬೇಡಿ.”

ನಮ್ಮ ವಾದ ಕೇಳಿ, ಮೌಸ್ ಕೊಳ್ಳಲು ಬಂದಿದ್ದ ಒಬ್ಬರು ಕೊಳ್ಳದೆ ಹೊರಟರು. ಎರಡು ತಿಂಗಳು ಬಿಟ್ಟು ಬರುತ್ತಾರಂತೆ. ಕೊನೆಗೆ ಅಂಗಡಿಯವರು ಕಪಾಟಿನ ಬೀಗ ತೆಗೆದರು. ಡಬ್ಬಿ ನನ್ನ ಕೈಗೆ ಕೊಡುವಾಗ, “ಹೇಳ್ಲಿಲ್ಲ ಅನ್ಬೇಡಿ” ಎಂದರು. “ಅವರು ಹೇಳಿದ್ದರು” ಎಂದೆ.

ಲಿಫ್ಟ್ ಇದ್ದ ಜಾಗದಲ್ಲಿ ನಾಲ್ಕು ಮಹಡಿ ಆಳದ ಗುಂಡಿಯಿತ್ತು. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ಮೇಷ್ಟ್ರು ಏದುಸಿರು ಬಿಡುತ್ತ ನಿಂತಿದ್ದರು. ಅವರ ಕಣ್ಣು ನೇರ ಚೀಲಕ್ಕೆ ಹೋಯಿತು.

“ಏನಮ್ಮಾ ಅದು?”

“ಚಪ್ಪಲಿ.”

“ಈಗ ತೊಗೊಂಡ್ರಾ?” ಅವರು ಒಂದು ಮೆಟ್ಟಿಲು ಇಳಿದು ಹತ್ತಿರ ಬಂದರು. “ಚಪ್ಪಲಿಗೂ ಇದೇ ಸಮಯಾನಾ?”

“ಗೊತ್ತಿಲ್ಲ ಮೇಷ್ಟ್ರೇ. ನನ್ನದು ಕಿತ್ತುಹೋಗಿತ್ತು.”

“ಸುಮ್ನೆ ಹಾಗಂತೀರಿ. ಅವರೂ ಹಾಗೇ, ಬಾಯಿಬಿಟ್ಟು ಹೇಳ್ತಿರ್ಲಿಲ್ಲ” ಎಂದು ಅರ್ಥಗರ್ಭಿತವಾಗಿ ತಲೆಯಾಡಿಸಿದರು. ಮರುದಿನ ಅವರ ಬಾಗಿಲ ಮುಂದೆ ಮೂರು ಜೊತೆ ಹೊಸ ಚಪ್ಪಲಿಗಳಿದ್ದವು. ಮನೆಯಲ್ಲಿರುವುದು ಅವರು ಮತ್ತು ಅವರ ಹೆಂಡತಿ.

ಶುಕ್ರವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದರು. ಅವರ ಸ್ನಾನಕ್ಕೆ ಇಪ್ಪತ್ತು ನಿಮಿಷ. ನಾನು ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ, ತಗಡು ಬಿಚ್ಚಿ, ಸ್ಟುಡಿಯೋದ ಕಾರ್ಡು ತೆಗೆದು ಹುಲಿಯ ಡಬ್ಬಿಗೆ ಹಾಕಿದೆ. ಹೊಸ ಕಾರ್ಡನ್ನು ಅದರ ಜಾಗದಲ್ಲಿ ಒತ್ತಿದೆ. ಅದು ಕೂರಲಿಲ್ಲ. ಮತ್ತೆ ಒತ್ತಿದೆ. ಟಕ್ ಎಂದು ಕೂತಿತು. ಅದೇ ಹೊತ್ತಿಗೆ ಬಚ್ಚಲಿನ ಚಿಲಕವೂ ಟಕ್ ಎಂದಿತು. ಏಳನೇ ನಿಮಿಷ. ನೀರು ಬಿಸಿಯಾಗಿರಲಿಲ್ಲವಂತೆ.

“ಏನೇ ಇದು, ಎಲ್ಲಾ ಬಿಚ್ಚಿಟ್ಟುಕೊಂಡು ಕೂತಿದ್ದೀಯ?”

ನಾನು ನೆಲದ ಮೇಲೆ ಸ್ಕ್ರೂಗಳ ನಡುವೆ ಕೂತಿದ್ದೆ. ಹುಲಿಯ ಡಬ್ಬಿ ನನ್ನ ಸೆರಗಿನ ಕೆಳಗಿತ್ತು. ಬೇರೆ ಮಾತು ಬಾಯಿಗೆ ಬರಲಿಲ್ಲ.

“ಧೂಳು ತೆಗೀತಿದೀನಿ ಅತ್ತೆ.”

ಅತ್ತೆ ಒದ್ದೆ ತಲೆಗೆ ಟವೆಲ್ ಸುತ್ತುತ್ತ ಒಂದು ಕ್ಷಣ ನೋಡಿದರು. “ತೆಗಿ ತೆಗಿ. ಅವನ ಸಾಮಾನು, ಚೆನ್ನಾಗಿಟ್ಕೋ” ಎಂದು ಅಡುಗೆಮನೆಗೆ ಹೋದರು. ಹಾಲಿನ ಪಾತ್ರೆ ಇಟ್ಟ ಸದ್ದು ಕೇಳಿಸಿತು. ನಡುಮನೆಯಲ್ಲಿ ಯೋಧ ಫೋಟೋದ ಪಕ್ಕ ಕಣ್ಣಲ್ಲಿ ಬೆಂಕಿ ಉಗುಳುತ್ತ ನಿಂತೇ ಇದ್ದ. ಕಂಪ್ಯೂಟರನ್ನು ಹಾಕಿದೆ. ಕಣ್ಣಾಸ್ಪತ್ರೆಯ ಒಂಬತ್ತನೇ ಕೋಣೆ ಅರ್ಧ ಗಂಟೆಯಲ್ಲಿ ಬಂತು.

ಚೀಲ ಹಿಡಿದು ಸ್ಟುಡಿಯೋಗೆ ನಡೆದೆ. ಬಸ್ ನಿಲ್ದಾಣದ ಹಿಂದಿನ ರಸ್ತೆ, ಎರಡು ಮೆಟ್ಟಿಲು, ಗಾಜಿನ ಬಾಗಿಲು. ಒಳಗೆ ಬಿಳಿ ಪರದೆ, ದೀಪದ ಕೊಡೆಗಳು, ಪಾಸ್‌ಪೋರ್ಟ್ ಫೋಟೋಗೆ ಕೂರುವ ಸ್ಟೂಲು. ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರುಗಳು, ಒಂದರ ಪಕ್ಕ ತೆರೆದು ಬಟ್ಟೆ ಮುಚ್ಚಿತ್ತು.

ಸ್ಟುಡಿಯೋದವರು ಹುಲಿಯ ಡಬ್ಬಿ ನೋಡಿ ಗಾಬರಿಯಾದರು. “ಇದು ಹೊಸದರ ಡಬ್ಬಿ ಅತ್ತಿಗೆ.”

“ಕಾರ್ಡು ನಿಮ್ಮದೇ. ನಿಮ್ಮ ಡಬ್ಬಿ ಮನೇಲೇ ಇರಬೇಕಾಗುತ್ತೆ.”

“ಇರಲಿ ಇರಲಿ. ಡಬ್ಬಿ ಇಟ್ಕೊಂಡು ನಾನೇನು ಮಾಡಲಿ.” ಆಮೇಲೆ ದನಿ ತಗ್ಗಿಸಿ, “ಹಾಗಾದ್ರೆ ಹೊಸದು ತೊಗೊಂಡುಬಿಟ್ರಾ? ಅಣ್ಣ ಇದ್ದಿದ್ರೆ ಏನಂತಿದ್ರು?” ಎಂದರು.

“ಇನ್ನೆರಡು ತಿಂಗಳು ತಡೀಬೇಕಿತ್ತು ಅಂತಿದ್ರು.”

ಅವರು ನಕ್ಕರು, ನಗಬಾರದಿತ್ತೇನೋ ಎಂದು ನಿಲ್ಲಿಸಿದರು. ನಾನೂ ನಕ್ಕಿದ್ದನ್ನು ಕಂಡು ಮತ್ತೆ ನಕ್ಕರು. ಡಬ್ಬಿಯಿಂದ ಕಾರ್ಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಮಗುಚಿ ನೋಡಿದರು. ಫ್ಯಾನನ್ನು ಬೆರಳ ತುದಿಯಿಂದ ತಿರುಗಿಸಿದರು. ಅದು ಸದ್ದಿಲ್ಲದೆ ಸುತ್ತಿತು.

“ನೀವು ಕ್ಲೀನ್ ಮಾಡಿದ್ರಾ ಅತ್ತಿಗೆ?”

“ಇಲ್ಲ. ಬಿಚ್ಚಿ ಡಬ್ಬಿಗೆ ಹಾಕಿದ್ದಷ್ಟೇ.”

“ನಾನು ಕೊಟ್ಟಾಗ ಇದರಲ್ಲಿ ಮೂರು ವರ್ಷದ ಧೂಳಿತ್ತು. ಫ್ಯಾನಿನ ರೆಕ್ಕೇನೇ ಕಾಣ್ತಿರ್ಲಿಲ್ಲ. ಹಾಗೇ ಕೊಟ್ಟೆನಲ್ಲ ಅಂತ ಆಮೇಲೆ ನಾಚಿಕೆ ಆಯ್ತು. ಈಗ ನೋಡಿ. ಒಂದೊಂದು ರೆಕ್ಕೇನೂ ಉಜ್ಜಿದಾರೆ. ಸಂದಿಸಂದೀಲೂ ಉಜ್ಜಿದಾರೆ.”

ನೋಡಿದೆ.

“ಹೌದು,” ಎಂದೆ, “ಧೂಳು ತೆಗೆದೆ ಅಂತ ಹೇಳಿದ್ದರು.”